ಪೊಟ್ಟಣದ ಬೆನ್ನು

ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಓದುವ ಗೀಳು ಹತ್ತಿಸಿಕೊಂಡರು. ಭೈರಪ್ಪನವರನ್ನೋ ಭಗವದ್ಗೀತೆಯನ್ನೋ ಅಂದುಕೊಂಡಿರೇನೋ. ಅಲ್ಲ, ಬಿಸ್ಕತ್ತು ಪೊಟ್ಟಣದ ಬೆನ್ನನ್ನು. ಪೊಟ್ಟಣದ ಮುಖದ ಮೇಲಿರುವ ಗೋಧಿ ತೆನೆ, ಹಾಲಿನ ಧಾರೆ, ನಗುವ ಮಗು ಇವೊಂದನ್ನೂ ಅವರು ನಂಬುವುದಿಲ್ಲ. ಸಾಲಕ್ಕೆ ಬಂದವರ ಇಸ್ತ್ರಿ ಅಂಗಿಗೆ ಮರುಳಾಗದೆ ಮೊದಲು ಪಹಣಿ ಕೇಳಿದವರಲ್ಲವೇ!

ಒಳಗಿರುವ ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿನದರಿಂದ ಕಡಿಮೆಯದಕ್ಕೆ ಬರೆಯಬೇಕು ಎಂಬುದು ಕಾನೂನು. ಹಾಗಾಗಿ ಮೊದಲ ಹೆಸರು ಯಾರದೋ ಮನೆಯ ಯಜಮಾನಿಕೆ ಅವರದು. ನಾನು ಆರೋಗ್ಯಕ್ಕೆಂದು ತಂದ ಕಂದು ಬ್ರೆಡ್ಡಿನ ಯಜಮಾನ ಮೈದಾ. ಕಂದು ಬಂದದ್ದು 150 ಎಂಬ ಕ್ಯಾರಮೆಲ್ಲಿನಿಂದ. ನನ್ನ ಹಿಂಗಿನ ಡಬ್ಬಿಯಲ್ಲೂ ಹಿಂಗಿಗಿಂತ ಮೊದಲು ಗೋಂದು, ಮೈದಾ ಬಂದು ಕೂತಿದ್ದವು. ಅವತ್ತಿನ ಸಾರಿಗೆ ಒಗ್ಗರಣೆ ಬೀಳಲಿಲ್ಲ.

ಖಾತೆದಾರರ ನಂಬರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ತಲೆ ಖಾಲಿ ಬಿದ್ದಿತ್ತು. ಈಗ ಅಲ್ಲಿ ಸೇರ್ಪಡೆಗಳ ಸಂಖ್ಯೆಗಳು ತುಂಬಿವೆ. "211 ನೋಡೇ, ಜ್ಯಾಮಿನಲ್ಲಿದ್ದವನು ಸಾಸಿಗೂ ಬಂದಿದ್ದಾನೆ!" ಎಂದು ಅಂಗಡಿಯ ನಡುವೆ ಕೂಗುತ್ತಾರೆ. ಅದು ಸೋಡಿಯಂ ಬೆಂಜೋಯೇಟ್, ಕೆಡದಂತೆ ಕಾಯುವವನು. ಚಿಪ್ಸಿನ ಮಸಾಲೆಯಲ್ಲಿ ನಾಲಿಗೆಗೆ ಚಟ ಹಿಡಿಸುವ 627, 631 ಜೊತೆಜೊತೆಗೇ ಇರುತ್ತವಾದ್ದರಿಂದ ಅವಕ್ಕೆ "ಜಂಟಿ ಖಾತೆ" ಎಂದು ಹೆಸರಿಟ್ಟಿದ್ದಾರೆ. ಇವರನ್ನು ಕಂಡರೆ ಅಂಗಡಿಯ ಹುಡುಗರು ಬೇರೆ ಸಾಲಿಗೆ ಹೋಗಿ ನಿಲ್ಲುತ್ತಾರೆ.

ಆದರೆ ಬೆನ್ನೇ ಇಲ್ಲದ ಪದಾರ್ಥದ ಮುಂದೆ ಇವರ ವಿದ್ಯೆ ನಡೆಯುವುದಿಲ್ಲ. ನನ್ನ ತವರು ಮದ್ದೂರಿನ ಕಡೆ. ತಮ್ಮನ ಆಲೆಮನೆಗೆ ಹೋದಾಗ ಇವರು ಕೊಪ್ಪರಿಗೆ ಸುತ್ತ ತನಿಖೆಗೆ ಇಳಿದರು. ಕಬ್ಬಿನ ಹಾಲು ಕುದಿಯುವಾಗ ಕೊಳೆ ಮೇಲೆ ಬರಲೆಂದು ನಮ್ಮಪ್ಪನ ಕಾಲದಲ್ಲಿ ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು. ಬೆಲ್ಲ ಕಪ್ಪಗೆ ಆಗುತ್ತಿತ್ತು, ಯಾರೂ ಅದನ್ನು ಕಪ್ಪು ಅನ್ನುತ್ತಿರಲಿಲ್ಲ. ಆಮೇಲೆ ಬಂದದ್ದು ಹೈಡ್ರೋಸ್. ಸೋಡಿಯಂ ಹೈಡ್ರೋಸಲ್ಫೈಟ್ ಎಂದು ಅದರ ಪೂರ್ತಿ ಹೆಸರು. ಬಟ್ಟೆಯ ಬಣ್ಣ ತೆಗೆಯಲು ಬಳಸುವ ಪುಡಿ. ಚೂರು ಉದುರಿಸಿದರೆ ಸಾಕು, ಪಾಕ ಹೊಂಬಣ್ಣಕ್ಕೆ ತಿರುಗುತ್ತದೆ. ಗಂಧಕ ಬೆಲ್ಲದಲ್ಲೇ ಉಳಿಯುತ್ತದೆ.

"ಇದನ್ನ ಯಾಕಪ್ಪಾ ಹಾಕ್ತೀರಿ?" ಎಂದರು ಇವರು.

"ಕಪ್ಪು ಬೆಲ್ಲ ತಗೊಂಡು ಮಂಡಿಗೆ ಹೋದ್ರೆ ಮೂಸೂ ನೋಡಲ್ಲ ಭಾವ. ಬೆಳ್ಳಗಿರೋದೇ ಬೇಕು ಅಂತ ಕೇಳ್ದೋರು ಸಿಟಿಯೋರೇ ಅಲ್ವಾ? ನಮ್ಮನೆಗೆ ಬೇರೆ ಮಾಡ್ಕೋತೀವಿ ಬಿಡಿ."

ಅವನು ಮನೆಗೆಂದು ಮಾಡಿಕೊಂಡಂಥದೇ ಕಪ್ಪು ಬೆಲ್ಲ ಈಗ ಬೆಂಗಳೂರಿನ ಸಾವಯವ ಅಂಗಡಿಯಲ್ಲಿ ಗಾಜಿನ ಬಾಟಲಿ ಸೇರಿ ದುಪ್ಪಟ್ಟು ಬೆಲೆಗೆ ಕೂತಿದೆ. ಇವರು ಕೊಳ್ಳುವುದು ಅದನ್ನೇ. ತಮ್ಮ ಪುಕ್ಕಟೆ ಕೊಟ್ಟರೆ ಓದುವುದಕ್ಕೆ ಏನೂ ಇರುವುದಿಲ್ಲವಂತೆ.

ನನಗೇನೋ ಬಣ್ಣ ಬಳಿಯುವ ಕೈಗಿಂತ ಬಣ್ಣ ಬೇಡುವ ಕಣ್ಣಿನ ಮೇಲೇ ಹೆಚ್ಚು ಅನುಮಾನ. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಪರೀಕ್ಷೆ ಮಾಡಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತ ಬಣ್ಣದವು ಎಂದು ಬಂತು. ಗೋಬಿಗೂ ಬಾಂಬೆ ಮಿಠಾಯಿಗೂ ರೊಡಮಿನ್-ಬಿ ಹಾಕಬಾರದೆಂದು ಆಜ್ಞೆಯಾಯಿತು. ಒಳ್ಳೆಯದೇ. ಮಾರನೆಯ ವಾರ ನಮ್ಮ ಬೀದಿಯ ಗಾಡಿಯ ಮುಂದೆ ಒಬ್ಬಾತ, "ಕೆಂಪೇ ಇಲ್ವಲ್ಲ, ಸರಿಯಾಗಿ ಬೇಯ್ಸಯ್ಯ" ಎಂದು ತಟ್ಟೆ ಹಿಂದಕ್ಕೆ ತಳ್ಳುತ್ತಿದ್ದ.

ಇಂಥ ಮನೆಗೆ ಗಂಡಿನ ಕಡೆಯವರು ಮಗಳನ್ನು ನೋಡಲು ಬರುವುದೆಂದಾಯಿತು. ಉಪ್ಪಿಟ್ಟು, ಕೇಸರಿಬಾತು ಮಾಡದೆ ಆಗುತ್ತದೆಯೇ? ಹಿಂದಿನ ದಿನವೇ ಇವರು ನನ್ನ ಸಾಂಬಾರ ಡಬ್ಬಿ ಶೋಧಿಸಿ ಕೇಸರಿ ಬಣ್ಣದ ಪುಡಿಯನ್ನು ವಶಪಡಿಸಿಕೊಂಡರು. "102, 110, ಇಬ್ಬರೂ ಇಲ್ಲೇ ಇದ್ದಾರೆ!" ಗತಿಯಿಲ್ಲದೆ ಹಾಲಿನಲ್ಲಿ ನಾಲ್ಕೆಳೆ ಅಸಲಿ ಕೇಸರಿ ನೆನೆಸಿ ಹಾಕಿದೆ. ರವೆಗೆ ನಾಚಿಕೆಯಾದಷ್ಟು ಬಣ್ಣವೂ ಬರಲಿಲ್ಲ.

ಹುಡುಗನ ಅಜ್ಜಿ ಒಂದು ಚಮಚ ಬಾಯಿಗಿಟ್ಟು, "ಸಜ್ಜಿಗೆ ಚೆನ್ನಾಗಿದೆ ಕಣಮ್ಮ. ಕೇಸರಿಬಾತು ಆಮೇಲೆ ತರ್ತೀಯಾ?" ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇವರಿಗೆ ಅಷ್ಟೇ ಬೇಕಾಗಿತ್ತು. 102ರಿಂದ ಶುರುಮಾಡಿ ಒಬ್ಬೊಬ್ಬರದೇ ಜಾತಕ ಬಿಚ್ಚಿದರು. 330ಕ್ಕೆ ಬಂದಾಗ ಹುಡುಗ ತಲೆಯೆತ್ತಿದ.

"ಅದು ಸಿಟ್ರಿಕ್ ಆಸಿಡ್ ಅಂಕಲ್, ನಿಂಬೆಹಣ್ಣಲ್ಲೇ ಇರೋ ಹುಳಿ. 300 ಅಂದ್ರೆ ವಿಟಮಿನ್ ಸಿ. 500 ಆಂಟಿ ಬೋಂಡಕ್ಕೆ ಹಾಕೋ ಸೋಡ. ಅರಿಸಿನದ ಬಣ್ಣಕ್ಕೂ ನಂಬರಿದೆ, 100. ನಂಬರಿದೆ ಅಂತ ಎಲ್ಲದಕ್ಕೂ ಹೆದರಬೇಡಿ. ಅಡುಗೆಮನೇಲಿ ಇಲ್ಲದ ಹೆಸರುಗಳೇ ಉದ್ದಕ್ಕೆ ಇದ್ರೆ ಆ ಪ್ಯಾಕೆಟ್ ಬಿಟ್ಬಿಡಿ."

ಹುಡುಗ ಯಾವುದೋ ತಿಂಡಿ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದಾನಂತೆ. ಮಾವನಾಗಬೇಕಾದವರೂ ಅಳಿಯನಾಗಬೇಕಾದವನೂ ಪಕ್ಕಪಕ್ಕ ಕೂತು 471ಕ್ಕೆ ಬರುವಷ್ಟರಲ್ಲಿ ಕಾಫಿ ಹಿಡಿದುಕೊಂಡು ಬಂದ ಮಗಳು ಕಾಫಿ ಇಟ್ಟು ಒಳಗೆ ಹೋಗಿಯೂ ಆಗಿತ್ತು.

ಜಾತಕ ಇನ್ನೂ ಜೋಯಿಸರ ಹತ್ತಿರವೇ ಇದೆ. ಇವರು ಮಾತ್ರ ದಿನಾ ಸಂಜೆ ಅಂಗಡಿಯಲ್ಲಿ ಪೊಟ್ಟಣ ಹಿಡಿದುಕೊಂಡು ಹುಡುಗನಿಗೆ ಫೋನು ಮಾಡುತ್ತಾರೆ. ಮಗಳು ಇನ್ನೂ ಒಂದು ಸಲವೂ ಮಾಡಿಲ್ಲ.