ಬಾಯ್ನಾ ವರಮೀಮಾಂಸೆ: ಗುದ್ದಿನ ಅಧ್ಯಾಯ ಸಹಿತ

ವರಃ ಸೋದರಸಾಪೇಕ್ಷಃ. ಇದು ಈ ಶಾಸ್ತ್ರದ ಮೊದಲ ಸೂತ್ರ, ಎರಡನೆಯದು ಇಲ್ಲ. ವೃತ್ತಿ: ಮನುಷ್ಯ ದೇವರ ಮುಂದೆ ಕೈ ಚಾಚಿ ನಿಂತಾಗ ಅವನ ಒಂದು ಕಣ್ಣು ದೇವರ ಮೇಲಿರುತ್ತದೆ, ಇನ್ನೊಂದು ಪಕ್ಕದಲ್ಲಿ ನಿಂತ ಒಡಹುಟ್ಟಿದವರ ಅಂಗೈ ಮೇಲೆ. ಎರಡೂ ಕಣ್ಣು ದೇವರ ಮೇಲಿದ್ದರೆ ಅವನು ಒಬ್ಬನೇ ಮಗನೆಂದು ತಿಳಿಯತಕ್ಕದ್ದು.

ಆಕರ ವಿಚಾರ. ನಮ್ಮ ಮೂಲಗ್ರಂಥ ಒಂದು ಮಕ್ಕಳ ಕಥೆ. ಅದನ್ನು ಯಾವ ಜಾನಪದ ಸಂಗ್ರಹದಲ್ಲೂ ಹುಡುಕಬೇಡಿ. ಈ ಪ್ರಬಂಧಕ್ಕೆ ಬೇಕಾಯಿತೆಂದು ಪ್ರಬಂಧಕಾರನೇ ಹೆತ್ತದ್ದು. ಮೊದಲು ಸಿದ್ಧಾಂತ, ಆಮೇಲೆ ಅದಕ್ಕೊಪ್ಪುವ ಆಕರ ಎಂಬ ಪದ್ಧತಿ ವಿದ್ವತ್ತಿನಲ್ಲಿ ಹೊಸದಲ್ಲ, ಒಪ್ಪಿಕೊಳ್ಳುವುದಷ್ಟೇ ಹೊಸದು. ಕಥೆ ನಡೆಯುವ ಜಾಗ ಮಾತ್ರ ನಿಜ. ಗೋವೆಯ ವಾಸ್ಕೋ ಊರಿನ ಕಡಲಂಚು, ಮುರ್ಮಗೋವಾ ಬಂದರಿನ ನೆರೆ, ಬಾಯ್ನಾ. ಬಂದರಿನಲ್ಲಿ ಹೊರೆ ಹೊರಲು, ರಸ್ತೆಗೆ ಡಾಂಬರು ಸುರಿಯಲು, ಕಟ್ಟಡಕ್ಕೆ ಇಟ್ಟಿಗೆ ಏರಿಸಲು ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ಬಂದವರು ಇಲ್ಲಿ ಮರಳಿನ ಮಗ್ಗುಲಿಗೆ ಮನೆ ಕಟ್ಟಿಕೊಂಡರು. ಅರಬ್ಬಿ ಸಮುದ್ರದ ಈ ದಡದಲ್ಲಿ ‘ಎಲ್ಲಿ ಹೊಂಟೀಯಲೇ’ ಎಂಬ ಕೂಗು ಕೇಳುವುದು ಅದಕ್ಕೇ.

ಕಥಾಸಾರ. ಒಬ್ಬಳು ಅಕ್ಕ, ಒಬ್ಬ ತಮ್ಮ. ಮರಳಿನಲ್ಲಿ ಗುಂಡಿ ತೋಡುತ್ತಾರೆ. ಯಾರ ಗುಂಡಿ ಆಳ ಎಂಬ ಜಗಳ ಕೈಗೆ ಹತ್ತುವ ಹೊತ್ತಿಗೆ ಒಳಗಿಂದ ಒಂದು ಏಡಿ ಹೊರಬಂದು ಹೇಳುತ್ತದೆ: “ಏ, ನನ್ನ ಮನೀ ಛಾವಣಿ ಕೀಳಾಕ ಹತ್ತೀರಿ ನೀವು. ಮೂರು ವರ ಕೊಡ್ತೀನಿ, ತಗೊಂಡು ಸುಮ್ಮನ ಹೋಗ್ರಿ. ಆದ್ರ ಒಂದ್ ಮಾತು. ಒಬ್ಬರು ಏನು ಬೇಡ್ತೀರಿ, ಇನ್ನೊಬ್ಬರಿಗೆ ಅದರ ಡಬಲ್.”

ಇಲ್ಲಿ ಪೂರ್ವಪಕ್ಷಿಯ ಆಕ್ಷೇಪ: ಗೋವೆಯ ಏಡಿ ಕೊಂಕಣಿ ಆಡಬೇಕಲ್ಲದೆ ಗದಗಿನ ಕನ್ನಡ ಆಡುವುದು ಹೇಗೆ? ಸಮಾಧಾನ: ಇಷ್ಟು ವರ್ಷ ಒಂದೇ ದಡದಲ್ಲಿ ಬೈಗುಳ ಕೇಳಿಯೂ ಕಲಿಯದಿದ್ದರೆ ಅದು ಏಡಿಯ ದಡ್ಡತನ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಬಯಲುಸೀಮೆಯ ಮೂಲಪಾಠದಲ್ಲಿ ವರ ಕೊಡುವುದು ಹುತ್ತದ ಹಾವು ಆಗಿದ್ದಿರಬೇಕು; ಅದು ಏಡಿಯಾದದ್ದು ಎಲ್ಲಿ? ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ದಾಟಿ ರೈಲು ದೂಧಸಾಗರದ ಪಕ್ಕ ಇಳಿಯುವ ಘಟ್ಟದಲ್ಲಿ ಪ್ರತಿ 37 ಅಡಿಗೆ ಒಂದು ಅಡಿ ಇಳಿಜಾರು. ಅಂಥ ಇಳಿಜಾರಿನಲ್ಲಿ ಕಾಲಿಲ್ಲದ ಪ್ರಾಣಿ ಜಾರಿಹೋಗಿ ಹತ್ತು ಕಾಲಿನದು ಉಳಿದುಕೊಂಡಿತು ಎಂಬುದು ನಮ್ಮ ಅಭಿಪ್ರಾಯ. ಇದಕ್ಕಿಂತ ದುರ್ಬಲ ಪುರಾವೆಗೆ ಡಾಕ್ಟರೇಟ್ ಸಿಕ್ಕಿದೆ.

ಡಬಲ್ ಷರತ್ತು ಏಡಿಯ ಸ್ವಂತ ಬುದ್ಧಿಯಲ್ಲ. ಲೋಕದ ಜನಪದ ಕಥೆಗಳಿಗೆಲ್ಲ ನಂಬರು ಹಚ್ಚಿಟ್ಟ ಸೂಚಿಯೊಂದಿದೆ. ಅದರಲ್ಲಿ ಇದು 1331ನೆಯ ಬಗೆ. ಒಬ್ಬ ಆಸೆಬುರುಕ, ಒಬ್ಬ ಹೊಟ್ಟೆಕಿಚ್ಚಿನವ. ಒಬ್ಬ ಕೇಳಿದ್ದರ ಇಮ್ಮಡಿ ಇನ್ನೊಬ್ಬನಿಗೆ ಎಂದಾಗ ಹೊಟ್ಟೆಕಿಚ್ಚಿನವ ತನ್ನ ಒಂದು ಕಣ್ಣು ಹೋಗಲಿ ಎನ್ನುತ್ತಾನೆ. ಈ ಸೂಚಿಯನ್ನು 1910ರಲ್ಲಿ ಮೊದಲು ಮಾಡಿದವನು ಫಿನ್ಲೆಂಡಿನ ಆಂಟಿ ಆರ್ನೆ, ಬೆಳೆಸಿದವನು ಅಮೆರಿಕದ ಸ್ಟಿತ್ ಥಾಂಪ್ಸನ್, 2004ರಲ್ಲಿ ಪರಿಷ್ಕರಿಸಿದವನು ಜರ್ಮನಿಯ ಹಾನ್ಸ್ ಯೋರ್ಗ್ ಉಥರ್. ಅದೇ 2004ರ ಜೂನಿನಲ್ಲಿ, ಮಳೆಗಾಲದ ಹೊಸ್ತಿಲಲ್ಲಿ, ಗೋವಾ ಸರ್ಕಾರ ಬಾಯ್ನಾದ ಕೆಂಪುದೀಪದ ಬಡಾವಣೆಯನ್ನು ಜೆಸಿಬಿ ಹಚ್ಚಿ ಕೆಡವಿತು. ಒಂದೇ ವರ್ಷದಲ್ಲಿ ಲೋಕದ ಸುಳ್ಳು ಕಥೆಗಳಿಗೆಲ್ಲ ಪಕ್ಕಾ ನಂಬರು ಸಿಕ್ಕಿತು, ಒಂದು ಓಣಿಯ ನಿಜದ ಮನೆಗಳ ನಂಬರು ಅಳಿಸಿಹೋಯಿತು. ಇದು ಕಾಕತಾಳೀಯ; ಶಾಸ್ತ್ರದಲ್ಲಿ ಕಾಕತಾಳೀಯಕ್ಕೂ ಒಂದು ನ್ಯಾಯವಿದೆ.

ಈಗ ಪುರಾಣ ಪ್ರಮಾಣ. ಸೋದರ ವರಕಲಹದ ಆದಿಗ್ರಂಥ ಕದ್ರೂ ವಿನತೆಯರದು. ಇಬ್ಬರೂ ದಕ್ಷನ ಮಕ್ಕಳು, ಇಬ್ಬರಿಗೂ ಗಂಡ ಕಶ್ಯಪನೇ. ಅಂದರೆ ಜಗಳಕ್ಕೆ ಬೇಕಾದ ಸಾಮಗ್ರಿ ಮೊದಲೇ ಕೂಡಿತ್ತು. ವರ ಕೇಳಿ ಎಂದಾಗ ಕದ್ರು ಸಾವಿರ ಹಾವಿನ ಮಕ್ಕಳನ್ನು ಕೇಳಿದಳು. ವಿನತೆ ಎರಡೇ ಸಾಕು ಎಂದಳು, ಆದರೆ ಅವಳ ಸಾವಿರವನ್ನೂ ಮೀರಿಸುವಂಥವು ಬೇಕು ಎಂದಳು. ಆ ‘ಅವಳ’ ಎಂಬ ಮಾತಿನಲ್ಲಿ ನಮ್ಮ ಸೂತ್ರ ಸಮಗ್ರವಾಗಿ ಅಡಗಿದೆ. ಐನೂರು ವರ್ಷ ಕಳೆದು ಕದ್ರುವಿನ ಮೊಟ್ಟೆಗಳೆಲ್ಲ ಒಡೆದು ಮನೆ ತುಂಬಿತು. ವಿನತೆಗೆ ತಡೆಯಲಾಗಲಿಲ್ಲ, ತನ್ನದೊಂದನ್ನು ತಾನೇ ಒಡೆದಳು. ಅರೆಬೆಂದ ಮೈಯ ಅರುಣ ಹೊರಬಂದು ಹೆತ್ತ ತಾಯಿಗೇ ಶಾಪ ಕೊಟ್ಟು ಸೂರ್ಯನ ರಥ ಹೊಡೆಯಲು ಹೋದ. ಕುಂಭಕರ್ಣನ ನಿದ್ದೆಯ ಪ್ರಸಂಗ ಎಲ್ಲರಿಗೂ ಗೊತ್ತಿರುವುದರಿಂದ ಅವನನ್ನು ಎಬ್ಬಿಸುವುದಿಲ್ಲ.

ಆದರೆ ಧ್ರುವನನ್ನು ಬಿಡುವಂತಿಲ್ಲ. ಐದು ವರ್ಷದ ಹುಡುಗ. ಅಪ್ಪ ಉತ್ತಾನಪಾದನ ತೊಡೆಯ ಮೇಲೆ ಮಲತಾಯಿ ಸುರುಚಿಯ ಮಗ ಉತ್ತಮ ಕೂತಿದ್ದಾನೆ, ಇವನಿಗೂ ಕೂರಬೇಕು. ಸುರುಚಿ ಬಿಡಲಿಲ್ಲ. ಇಷ್ಟಕ್ಕೇ ಮಧುವನಕ್ಕೆ ಹೋಗಿ, ಅನ್ನ ಬಿಟ್ಟು, ನೀರು ಬಿಟ್ಟು, ಕೊನೆಗೆ ಉಸಿರನ್ನೂ ಬಿಗಿಹಿಡಿದು ಆರು ತಿಂಗಳಲ್ಲಿ ವಿಷ್ಣುವನ್ನು ಕರೆಸಿಕೊಂಡ. ಒಂದು ಮೊಳ ತೊಡೆಗೆ ಬದಲಾಗಿ ಆಕಾಶದಲ್ಲಿ ಅಲುಗಾಡದ ಸೈಟು ಬರೆಸಿಕೊಂಡ. ಪಂಡಿತರು ಇದರಲ್ಲಿ ಭಕ್ತಿ ಕಾಣುತ್ತಾರೆ. ಮನೆಯಲ್ಲಿ ತಮ್ಮ ಇರುವವರು ಬೇರೇನನ್ನೋ ಕಾಣುತ್ತಾರೆ.

ಶಾಲೆಯ ನಾಟಕಗಳಲ್ಲಿ ನಕ್ಷತ್ರ ಬಂದೊಡನೆ ಪರದೆ ಬೀಳುತ್ತದೆ. ಭಾಗವತದ ನಾಲ್ಕನೆಯ ಸ್ಕಂಧದಲ್ಲಿ ಕಥೆ ಮುಂದಿದೆ. ಬೇಟೆಗೆ ಹೋದ ಉತ್ತಮನನ್ನು ಹಿಮಾಲಯದಲ್ಲಿ ಒಬ್ಬ ಯಕ್ಷ ಕೊಂದ. ಸುದ್ದಿ ಕೇಳಿದ ಧ್ರುವ ರಥ ಹತ್ತಿ ಯಕ್ಷರ ಪಟ್ಟಣದ ಮೇಲೆ ಬಿದ್ದ. ಕೊಂದವನೊಬ್ಬನನ್ನಲ್ಲ, ಕೈಗೆ ಸಿಕ್ಕ ಯಕ್ಷರನ್ನೆಲ್ಲ ತರಿಯತೊಡಗಿದ. ಕೊನೆಗೆ ಅಜ್ಜ ಸ್ವಾಯಂಭುವ ಮನುವೇ ಬಂದು, ಸಾಕು ಮಗು ಎನ್ನಬೇಕಾಯಿತು. ಯಾವ ಉತ್ತಮನಿಗಾಗಿ? ಅದೇ, ತೊಡೆ ಬಿಟ್ಟುಕೊಡದವನಿಗಾಗಿ.

ಪಾಶ್ಚಾತ್ಯ ಪ್ರಮಾಣವೂ ಕೈಜೋಡಿಸುತ್ತದೆ. 1902ರಲ್ಲಿ ಇಂಗ್ಲೆಂಡಿನ ಈ. ನೆಸ್ಬಿಟ್ ಬರೆದ ‘ಫೈವ್ ಚಿಲ್ಡ್ರನ್ ಆಂಡ್ ಇಟ್’ ಕಾದಂಬರಿಯಲ್ಲಿ ಮಕ್ಕಳು ಗುಂಡಿ ತೋಡುತ್ತಿರುವಾಗ ಮರಳಿನಿಂದ ಒಂದು ಜೀವಿ ಎದ್ದುಬರುತ್ತದೆ. ಬಸವನಹುಳುವಿನ ಹಾಗೆ ಕಣ್ಣು, ಬಾವಲಿಯ ಹಾಗೆ ಕಿವಿ, ಸದಾ ಸಿಡುಕು. ದಿನಕ್ಕೊಂದು ಬಯಕೆ ಈಡೇರಿಸುತ್ತದೆ, ಸೂರ್ಯ ಮುಳುಗಿದರೆ ಅದು ರದ್ದು. ಅಳುವ ಎಳೆಯ ತಮ್ಮನ ಕಾಟ ತಾಳಲಾರದೆ ರಾಬರ್ಟ್ ಎಂಬ ಹುಡುಗ, ಇವನು ಎಲ್ಲರಿಗೂ ಬೇಕಾಗಲಿ, ನಮಗೆ ನೆಮ್ಮದಿ ಸಿಗಲಿ ಎಂದುಬಿಡುತ್ತಾನೆ. ತಕ್ಷಣ ದಾರಿಹೋಕರೆಲ್ಲ ಕೂಸಿಗೆ ಕೈ ಚಾಚುತ್ತಾರೆ, ಗಾಡಿಯಲ್ಲಿ ಹೋಗುವ ಶ್ರೀಮಂತೆ ಎತ್ತಿಕೊಂಡೇ ಹೋಗುತ್ತಾಳೆ. ಬೇಡವಾಗಿದ್ದ ಕೂಸಿನ ಹಿಂದೆ ಅಣ್ಣ ಅಕ್ಕಂದಿರು ದಿನವಿಡೀ ಓಡುತ್ತಾರೆ. ಆದ್ದರಿಂದ ನಮ್ಮ ಸೂತ್ರಕ್ಕೆ ಒಂದು ವಾರ್ತಿಕ ಅಗತ್ಯ: ಸದರಿ ಸಾಪೇಕ್ಷತೆಯೊಳಗೆ ಮೂರನೆಯವರು ಕೈ ಹಾಕತಕ್ಕದ್ದಲ್ಲ.

ಗುದ್ದಿನ ಅಧ್ಯಾಯ. ಏಡಿಯ ಮುಂದೆ ಅಕ್ಕ ಬಹಳ ಯೋಚಿಸಿದಳು. ಶ್ರಾವಣದಲ್ಲಿ ವಾಸ್ಕೋದ ದಾಮೋದರ ಸಪ್ತಾಹಕ್ಕೆ ಹಗಲುರಾತ್ರಿ ಭಜನೆ ನಡೆಯುವಾಗ ರಸ್ತೆ ತುಂಬ ಜಾತ್ರೆ. ಅಲ್ಲಿ ಕಂಡ ಖಾಜೆ ಕೇಳೋಣವೆಂದರೆ ಅವನಿಗೆ ಎರಡು ಪೊಟ್ಟಣ. ಸೈಕಲ್ ಕೇಳಿದರೆ ಅವನಿಗೆ ಎರಡು. ಎರಡು ಸೈಕಲ್ಲನ್ನು ಒಬ್ಬನೇ ತುಳಿಯಲಾರ, ಒಂದು ತನಗೇ ಬರುತ್ತದೆ ಎಂಬ ತರ್ಕ ಅವಳಿಗೂ ಹೊಳೆದಿತ್ತು. ಆದರೆ ಅದನ್ನು ಕೊಡುವಾಗ ಅವನ ಮುಖ ಹೇಗಿರುತ್ತದೆ ಎಂದು ನೆನೆದರೇ ಮೈ ಉರಿಯಿತು. ಕೊನೆಗೆ ಹಲ್ಲು ಕಚ್ಚಿ, “ನನ್ನ ಬೆನ್ನಿಗೊಂದು ಗುದ್ದು ಹಾಕು” ಎಂದಳು.

ಇದನ್ನು ಮೂರ್ಖತನವೆಂದು ಅರ್ಥಶಾಸ್ತ್ರಜ್ಞರು ಬರೆದಾರು. ಲೆಕ್ಕ ಬೇರೆ ಇದೆ. ತಿಂದದ್ದು ಒಂದು ಗುದ್ದಿನ ನೋವು, ನೋಡಿದ್ದು ಎರಡು ಗುದ್ದಿನ ಸುಖ, ನಿವ್ವಳ ಲಾಭ ಒಂದು. 1331ರ ಕಣ್ಣು ಕಳೆದುಕೊಂಡವನಿಗಿಂತ ಈಕೆ ಜಾಣೆ. ನೋಡಬೇಕಾದ ಕಣ್ಣನ್ನೇ ಅವನು ಕೊಟ್ಟುಬಿಟ್ಟಿದ್ದ. ತಮ್ಮನ ಸೇಡಿನ ವರ ಮಾತ್ರ ಪಾಂಡಿತ್ಯಕ್ಕೆ ಯೋಗ್ಯವಲ್ಲ. ಅವನು ಒಂದು ಪುಟ ಲೆಕ್ಕದ ಹೋಂವರ್ಕ್ ಬೇಡಿದ. ಅವಳಿಗೆ ಎರಡು ಪುಟ ಬಂತು, ಅವಳು ಅರ್ಧ ಗಂಟೆಯಲ್ಲಿ ಮುಗಿಸಿದಳು, ತನ್ನದನ್ನು ಅವನು ಅವಳ ಪಟ್ಟಿಯಿಂದಲೇ ಕಾಪಿ ಹೊಡೆಯಬೇಕಾಯಿತು.

ಉಳಿದದ್ದು ಮೂರನೆಯ ವರ. ಮನೆ ಕೇಳೋಣ ಎಂದು ಅಕ್ಕ ಎಂದಳು. ಇದಕ್ಕೆ ಹಿನ್ನೆಲೆ ಇದೆ. 2004ರ ನಂತರವೂ ಬಾಯ್ನಾಕ್ಕೆ ಜೆಸಿಬಿ ಬಂದದ್ದುಂಟು; 2015ರಲ್ಲಿ ಮತ್ತು 2017ರಲ್ಲಿ ಕಡಲಂಚಿನ ಕನ್ನಡಿಗರ ಮನೆಗಳನ್ನು ಕೆಡವಿದರು. ನೆಸ್ಬಿಟ್ ಕಥೆಯಲ್ಲಿ ವರ ಮುಗಿಯಲು ಸಂಜೆಯಾಗಬೇಕು, ಇಲ್ಲಿ ಬೆಳಗ್ಗೆಯೇ ಪೊಲೀಸ್ ವ್ಯಾನು ಬರುತ್ತದೆ. ತಮ್ಮ ಒಪ್ಪಲಿಲ್ಲ. “ನೀ ಒಂದು ಮನೀ ಕೇಳಿದ್ರ ನನಗ ಎರಡು ಬರ್ತಾವು. ಎರಡಕ್ಕೂ ನೋಟಿಸ್ ಬಂದ್ರ ಯಾರು ಕೋರ್ಟಿಗೆ ಓಡಾಡಬೇಕು?” ಎಂದ. ವರದೊಂದಿಗೆ ನೋಟಿಸೂ ಡಬಲ್ ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಎತ್ತಿದ ಮೊದಲ ಮೀಮಾಂಸಕ ಅವನೇ.

ದೊಡ್ಡವರು ಇಂಥ ಸಂದರ್ಭದಲ್ಲಿ ಏನು ಮಾಡುತ್ತಾರೆ ಎಂಬುದಕ್ಕೆ ಸನಿಹದ ದೃಷ್ಟಾಂತ ಮಹದಾಯಿ. ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವೆಗಿಳಿದು ಮಾಂಡೋವಿ ಎನಿಸಿಕೊಳ್ಳುವ ಈ ನದಿಗಾಗಿ ಕರ್ನಾಟಕ, ಗೋವಾ, ಮಹಾರಾಷ್ಟ್ರ ಎಂಬ ಮೂವರು ಒಡಹುಟ್ಟಿದವರು ಜಗಳವಾಡಿದರು. 2010ರಲ್ಲಿ ವರ ಹಂಚಲು ನ್ಯಾಯಮಂಡಳಿ ಕೂತಿತು. 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42, ಗೋವೆಗೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಎಂದಿತು. ಮೂವರಿಗೂ ಸಿಕ್ಕಿತು, ಮೂವರೂ ಸುಪ್ರೀಂ ಕೋರ್ಟಿಗೆ ಹೋದರು. ಸೂತ್ರಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ಪುರಾಣದಲ್ಲೂ ಇಲ್ಲ. ಊರಲ್ಲಿ ಅಜ್ಜ ನೀರಿಗಾಗಿ ಧರಣಿ ಕೂತರೆ, ಬಾಯ್ನಾದ ಮೊಮ್ಮಕ್ಕಳು ಕೊಡ ಹಿಡಿದು ನಲ್ಲಿಯ ಪಾಳಿಯಲ್ಲಿ ನಿಲ್ಲುತ್ತಾರೆ. ಆ ನಲ್ಲಿಗೆ ನೀರು ಬರುವುದು ಮಾಂಡೋವಿಯಿಂದಲ್ಲ, ದಕ್ಷಿಣ ಗೋವೆಯ ಸಾಲಾವಲಿ ಅಣೆಕಟ್ಟಿನಿಂದ. ಜಗಳದ ನೀರು ಯಾರಿಗೂ ಬೇಗ ಮುಟ್ಟುವುದಿಲ್ಲ ಎಂಬುದನ್ನು ಜಲತಜ್ಞರು ಗಮನಿಸಬಹುದು.

ಮೂರನೆಯ ವರದ ನಿರ್ಣಯ. ಮಕ್ಕಳ ವಾದ ಮುಗಿಯದೆ ಏಡಿ ಬೇಸತ್ತಿತು. ನೀವು ಕೇಳದಿದ್ದರೆ ಈ ಹುಡುಗನನ್ನೇ ಬಿಲಕ್ಕೆ ಎಳಕೊಂಡು ಹೋಗ್ತೀನಿ, ಛಾವಣಿ ರಿಪೇರಿಗೆ ಆಳು ಬೇಕು ಎಂದು ಅವನ ಚಡ್ಡಿ ಹಿಡಿಯಿತು. ಇದು ವಾರ್ತಿಕದ ಸ್ಪಷ್ಟ ಉಲ್ಲಂಘನೆ. ಗುದ್ದು ಹಾಕಿಸಿದ ಅಕ್ಕನೇ ಚಪ್ಪಲಿ ಕೈಗೆತ್ತಿಕೊಂಡಳು. “ನನ್ನ ತಮ್ಮನ್ನ ಬಿಡ್ತೀಯೋ ಇಲ್ಲೋ” ಎಂದು ಅವಳು, “ಅಕ್ಕಾ” ಎಂದು ಅವನು, ಅದೇ ಗದ್ದಲದಲ್ಲಿ ಇಬ್ಬರ ಪೈಕಿ ಒಬ್ಬರ ಬಾಯಿಂದ, “ನಮ್ಮಿಬ್ಬರಿಗೂ ಕೂಡಿ ಒಂದು ಮನೀ ಕೊಡು, ಯಾರೂ ಕೆಡವಬಾರದು” ಎಂದು ಬಂದುಬಿಟ್ಟಿತು.

ಏಡಿ ಚಡ್ಡಿ ಬಿಟ್ಟು ನಿಂತಿತು. ಇಬ್ಬರೂ ಕೂಡಿ ಬೇಡಿದ ಮೇಲೆ ‘ಇನ್ನೊಬ್ಬರು’ ಯಾರು? ಡಬಲ್ ಯಾರಿಗೆ? ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ಮೇಲಿನವರ ಅಭಿಪ್ರಾಯ ಕೇಳಬೇಕಾಗ್ತದ, ಫೈಲು ಕಳಸ್ತೀನಿ ಎಂದು ಹೇಳಿ ಅಡ್ಡಡ್ಡ ನಡೆದು ಬಿಲದೊಳಗೆ ಹೋಯಿತು. ಇದನ್ನು ಬರೆಯುವವರೆಗೆ ಉತ್ತರ ಬಂದಿಲ್ಲ. ಬಾಯ್ನಾ ಪಾಠದ ಕೊನೆಯ ವಾಕ್ಯದಲ್ಲಿ ಮಕ್ಕಳಿಬ್ಬರೂ ಬಿಲದ ಬಾಯಲ್ಲಿ ಕೂತು, ‘ನಮ್ಮಿಬ್ಬರಿಗೂ’ ಅಂತ ಮೊದಲು ಅಂದದ್ದು ನಾನು ಎಂದು ಒಬ್ಬರ ಕೂದಲನ್ನು ಒಬ್ಬರು ಜಗ್ಗುತ್ತಿದ್ದಾರೆ.