ಸ್ನಾಯುರಸ ನಿರೂಪಣಂ

ಭರತಮುನಿ ಎಂಟು ರಸಗಳನ್ನು ಹೇಳಿ ಕೈತೊಳೆದುಕೊಂಡ. ಆಮೇಲಿನವರು ಶಾಂತವನ್ನು ಸೇರಿಸಿ ಒಂಬತ್ತು ಮಾಡಿದರು. ಹತ್ತನೆಯದನ್ನು ಕಂಡುಹಿಡಿದ ಕೀರ್ತಿ ಇಟಲಿಗೆ ಸಲ್ಲತಕ್ಕದ್ದು ಎಂಬುದು ಈ ಪ್ರಬಂಧದ ಪ್ರತಿಜ್ಞೆ. (ಭಕ್ತಿ, ವಾತ್ಸಲ್ಯಗಳ ವಕೀಲರು ಮನ್ನಿಸಬೇಕು.) ಲಕ್ಷ್ಯಗ್ರಂಥ, 1965ರ 'ಇಲ್ ಬೋಯಾ ಸ್ಕಾರ್ಲಾಟ್ಟೊ', ಇಂಗ್ಲಿಷ್ ಹೆಸರು 'ಬ್ಲಡಿ ಪಿಟ್ ಆಫ್ ಹಾರರ್'.

ಮೊದಲು ಕರ್ತೃವಿಚಾರ. ಪರದೆಯ ಮೇಲೆ ನಿರ್ದೇಶಕನ ಹೆಸರು ಮ್ಯಾಕ್ಸ್ ಹಂಟರ್. ಆಸಾಮಿ ಮಾಸ್ಸಿಮೊ ಪುಪಿಲ್ಲೊ. ಇದೇ ನ್ಯಾಯದಲ್ಲಿ ರಿಕಾರ್ಡೊ ಫ್ರೆಡಾ ರಾಬರ್ಟ್ ಹ್ಯಾಂಪ್ಟನ್ ಆದ, ಅಂತೋನಿಯೊ ಮಾರ್ಗೆರಿತಿ ಆಂಥನಿ ಡಾಸನ್ ಆದ. ಹಿತ್ತಲ ಗಿಡ ಮದ್ದಲ್ಲವಾದರೆ ಹಿತ್ತಲ ದೆವ್ವಕ್ಕೆ ಹೆದರುವವರಾದರೂ ಯಾರು?

ಕಥಾವಸ್ತು ಅಲ್ಪ. 1648ರಲ್ಲಿ ಕೋಟೆಯೊಂದರಲ್ಲಿ ಒಬ್ಬ ಕ್ರೂರ ಕೊಲೆಗಡುಕನನ್ನು ಅವನದೇ ಮುಳ್ಳಿನ ಪೆಟ್ಟಿಗೆಗೆ ತುಂಬಿ ಕೊಲ್ಲುತ್ತಾರೆ. ಮುಂದೆ ನಮ್ಮ ಕಾಲದಲ್ಲಿ, ಅಗ್ಗದ ಕಾದಂಬರಿಗಳ ರಕ್ಷಾಪುಟಕ್ಕೆ ಫೋಟೊ ತೆಗೆಯಲು ಪ್ರಕಾಶಕನೊಬ್ಬ ರೂಪದರ್ಶಿಯರನ್ನು ಕಟ್ಟಿಕೊಂಡು ಅದೇ ಕೋಟೆಗೆ ಬರುತ್ತಾನೆ. ಕೋಟೆಯ ಒಡೆಯ ಟ್ರಾವಿಸ್ ಆಂಡರ್ಸನ್ ಮಾಜಿ ನಟ. ಆ ಹಳೆಯ ಕೊಲೆಗಡುಕ ತಾನೇ ಎಂದು ನಂಬಿ ಕೆಂಪು ಮುಸುಕು ಹಾಕಿಕೊಳ್ಳುತ್ತಾನೆ. ಪಾತ್ರಧಾರಿ ಮಿಕಿ ಹಾರ್ಗಿಟೇ, 1955ರ ಮಿಸ್ಟರ್ ಯೂನಿವರ್ಸ್.

ಶಾಸ್ತ್ರದ ಕಗ್ಗಂಟು ಇಲ್ಲಿದೆ. ಭಯಾನಕದಲ್ಲಿ ಹೆದರಿಸುವವನು ಆಲಂಬನ, ಹೆದರುವವನು ಆಶ್ರಯ. ಈ ಮಹಾನುಭಾವನಾದರೋ ಮೈಗೆ ಎಣ್ಣೆ ಸವರಿಕೊಂಡು, ಕನ್ನಡಿಯೆದುರು ನಿಂತು ತನ್ನ ದೇಹದ ಪರಿಪೂರ್ಣತೆಯ ಮೇಲೆ ಪ್ರವಚನ ಕೊಡುತ್ತಾನೆ. ಆಲಂಬನವೂ ಅವನೇ, ಆಶ್ರಯವೂ ಅವನೇ, ಸಹೃದಯನಿಗೆ ಜಾಗವೆಲ್ಲಿ? ಸಂಚಾರಿಭಾವಗಳು 33 ಎನ್ನುತ್ತಾರೆ. ಇಲ್ಲಿ ಸಂಚರಿಸುವವರು ಪಟ್ಟೆ ಬನಿಯನ್ನಿನ ಆಳುಗಳು ಮಾತ್ರ.

ಪೂರ್ವಪಕ್ಷ: ಜೇಡವಿದೆಯಲ್ಲ? ಇದೆ. ಬಲೆಗೆ ಕಟ್ಟಿದ ಹುಡುಗಿ, ಕೋಣೆಯ ತುಂಬ ದಾರಗಳು, ಯಾವುದನ್ನು ಮುಟ್ಟಿದರೂ ಬಾಣ ಹಾರುತ್ತದೆ. ನಾಯಕ ರಿಕ್ ಹೊಟ್ಟೆಯ ಮೇಲೆ ತೆವಳುತ್ತಾನೆ. ಏರ್ಪಾಟು ಸೊಗಸಾಗಿದೆ, ಒಪ್ಪಿಕೊಳ್ಳಬೇಕು. ಉಸಿರು ಬಿಗಿಹಿಡಿಯಲು ನಾವೂ ಸಿದ್ಧ. ಅಷ್ಟರಲ್ಲಿ ಜೇಡ ಕಾಣಿಸಿಕೊಳ್ಳುತ್ತದೆ: ಜಾತ್ರೆಯಲ್ಲಿ ಕೊಂಡ ಆಟಿಕೆಯಂತೆ ಕುಪ್ಪಳಿಸುತ್ತ, ಕಾಲುಗಳನ್ನು ಒಂದೇ ತಾಳಕ್ಕೆ ಆಡಿಸುತ್ತ. ಯಾವ ರಸದ ಆಭಾಸವಾದರೂ ಹಾಸ್ಯಕ್ಕೇ ದಾರಿ ಎಂದು ಅಭಿನವಗುಪ್ತ ಹೇಳಿದ್ದಕ್ಕೆ ಇಷ್ಟು ಪುಷ್ಟವಾದ ಉದಾಹರಣೆ ಕಾಶ್ಮೀರದಲ್ಲಿ ಅವನಿಗೆ ಸಿಕ್ಕಿರಲಾರದು.

ಐದು ವರ್ಷ ಮೊದಲು ಮಾರಿಯೊ ಬಾವಾ 'ಲಾ ಮಾಸ್ಕೆರಾ ದೆಲ್ ದೆಮೋನಿಯೊ' ಮಾಡಿದ್ದ. ಕಪ್ಪು ಬಿಳುಪು, ಮಂಜು, ಒಳಗೆಲ್ಲ ಮೊಳೆಯಿರುವ ಮುಖವಾಡ, ಬಾರ್ಬರಾ ಸ್ಟೀಲ್‌ಳ ಕಣ್ಣು. ಅಷ್ಟರಲ್ಲೇ ಬೆನ್ನುಹುರಿ ತಣ್ಣಗಾಗುತ್ತಿತ್ತು. ಪುಪಿಲ್ಲೊಗೆ ಬಣ್ಣವಿತ್ತು, ಬಾಲ್ಸೊರಾನೊದ ನಿಜವಾದ ಕೋಟೆಯಿತ್ತು. ಆದರೆ ಭಯಕ್ಕೆ ಕತ್ತಲು ಬೇಕು, ಸ್ನಾಯುವಿಗೆ ಬೆಳಕು ಬೇಕು. ಕ್ಯಾಮೆರಾ ಸ್ನಾಯುವಿನ ಪಕ್ಷ ಸೇರಿತು; ನೆಲಮಾಳಿಗೆ ಕೂಡ ಮದುವೆ ಛತ್ರದ ಹಾಗೆ ಝಗಝಗಿಸಿತು.

ಪೂರ್ವಪಕ್ಷದವರು ಕೊನೆಗೆ ಕರುಣದ ಮೊರೆಹೋಗಬಹುದು: ವಿಷದ ಮುಳ್ಳುಗಳ ಗೊಂಬೆಗೆ ತಗುಲಿ ಆಂಡರ್ಸನ್ನೇ ಸಾಯುತ್ತಾನಲ್ಲ? ಸಾಯುತ್ತಾನೆ, ನಿಜ. ಆಗಲೂ ಅವನ ದುಃಖ ಪ್ರಾಣದ್ದಲ್ಲ, ಶುದ್ಧವಾದ ಮೈ ಮೈಲಿಗೆಯಾಯಿತಲ್ಲ ಎಂಬುದು. ಸ್ಥಾಯಿಭಾವ ಎಂದರೆ ಇದಕ್ಕಿಂತ ಸ್ಥಾಯಿಯಾಗಿರಲು ಸಾಧ್ಯವೇ?