ವಖಾರಿಯ ಸಭಾಸದರು

“ಏನಂದಿ? ದುಕಾನದೊಳಗ ಹೋಗಾಕೂ ರೊಕ್ಕಾ ಕೊಡಬೇಕಾ?”

ಅವ್ವ ತಳ್ಳುಗಾಡಿಯ ಹಿಡಿಕೆ ಬಿಟ್ಟು ನಿಂತೇಬಿಟ್ಟಳು. ಚಿಕಾಗೊ ಮಗ್ಗುಲಿನ ನಮ್ಮ ಊರಿನ ಕಾಸ್ಟ್‌ಕೋ ಬಾಗಿಲು, ಶನಿವಾರದ ಹತ್ತು ಗಂಟೆ, ಬೆನ್ನ ಹಿಂದೆ ಚಿಂಚಲಿ ಮಾಯಕ್ಕನ ಜಾತ್ರೆಯಷ್ಟು ಜನ. ಭಂಡಾರ ಹಾರುತ್ತಿರಲಿಲ್ಲ, ಅಷ್ಟೇ ಕಡಿಮೆ.

“ವರ್ಷಕ್ಕ ಅರವತ್ತೈದು ಡಾಲರ್ ಅವ್ವಾ.”

“ಅಂದ್ರ?”

“ಐದು ಸಾವಿರದ ಮ್ಯಾಲ.”

“ಅಷ್ಟ ಕೊಟ್ಟ ಮ್ಯಾಲ ಸಾಮಾನು ಪುಕ್ಕಟ್ಟ ಕೊಡ್ತಾರೇನು?”

“ಇಲ್ಲ. ಸಾಮಾನಿಗೆ ಬ್ಯಾರೆ ರೊಕ್ಕಾ.”

ನಾನು ಏಳನೆತ್ತೆಯ ಗಣಿತದಲ್ಲಿ ನಪಾಸಾಗಿ ಬಂದ ದಿನ ಅವ್ವ ನನ್ನನ್ನು ಒಂದು ಥರ ನೋಡಿದ್ದಳು. ಅದೇ ನೋಟ ಏಳು ಸಮುದ್ರ ದಾಟಿ ಬಂದಿತ್ತು. ನಿಜ ಹೇಳಬೇಕೆಂದರೆ ನಾನು ಕೊಡುತ್ತಿದ್ದದ್ದು ಅರವತ್ತೈದಲ್ಲ, ನೂರಾ ಮೂವತ್ತು. ಅದನ್ನು ಬಾಗಿಲಲ್ಲಿ ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಒಳಗೆ ಹೋದವಳು ಕತ್ತೆತ್ತಿ ಮೇಲೆ ನೋಡಿದಳು. ಸೂರಿನವರೆಗೆ ಕಬ್ಬಿಣದ ಅಟ್ಟ, ಅಟ್ಟದ ಮೇಲೆ ರಟ್ಟಿನ ಡಬ್ಬಿಗಳ ಗುಡ್ಡ, ಕೆಳಗೆ ಸಿಮೆಂಟಿನ ನೆಲ. “ಇದು ದುಕಾನ ಅಲ್ಲ ತಮ್ಮಾ. ವಖಾರಿ.”

ಅವ್ವನ ತವರು ನಿಪ್ಪಾಣಿ ಹತ್ತಿರದ ಹಳ್ಳಿ. ತಂಬಾಕಿನ ವಖಾರಿ ನೋಡಿ ಬೆಳೆದವಳು, ಎತ್ತರಕ್ಕೆ ಒಟ್ಟಿದ ಚೀಲ, ತಗಡಿನ ಮಾಡು, ಒಳಗೆ ಕಾಲಿಟ್ಟರೆ ಮೂರು ಸೀನು. ಅವಳ ಮಾತು ಇತಿಹಾಸಕ್ಕೂ ಸರಿಹೊಂದುತ್ತದೆ. ಈ ಥರದ ವ್ಯಾಪಾರವನ್ನು ಅಮೆರಿಕದಲ್ಲಿ ಮೊದಲು ಶುರು ಮಾಡಿದ ಸಾಲ್ ಪ್ರೈಸ್ ಎಂಬಾತ 1976ರಲ್ಲಿ ಸ್ಯಾನ್ ಡಿಯೇಗೊದ ಹಳೆಯ ವಿಮಾನದ ಕೊಟ್ಟಿಗೆಯೊಂದರಲ್ಲಿ ಪ್ರೈಸ್ ಕ್ಲಬ್ ತೆರೆದ. ಮೊದಮೊದಲು ಸಣ್ಣ ವ್ಯಾಪಾರಸ್ಥರಿಗಷ್ಟೇ ಪ್ರವೇಶ. 1983ರಲ್ಲಿ ಸಿಯಾಟಲ್‌ನಲ್ಲಿ ಕಾಸ್ಟ್‌ಕೋ ಹುಟ್ಟಿತು, ಹತ್ತು ವರ್ಷಕ್ಕೆ ಎರಡೂ ಒಂದಾದವು. ಸಾಮಾನ್ಯ ಸೂಪರ್ ಮಾರ್ಕೆಟ್ಟಿನಲ್ಲಿ ಮೂವತ್ತು ಸಾವಿರ ಬಗೆಯ ಸರಕಿದ್ದರೆ ಇಲ್ಲಿ ನಾಲ್ಕು ಸಾವಿರದ ಆಸುಪಾಸು. ಲಾರಿಯಿಂದ ಇಳಿದ ಹಲಗೆಯ ಮೇಲೇ ಮಾರಾಟ. ಕೊಂಡ ಬೆಲೆಯ ಮೇಲೆ ಶೇ. 14–15ಕ್ಕಿಂತ ಹೆಚ್ಚು ಏರಿಸುವುದಿಲ್ಲ ಎಂಬ ಕಟ್ಟುನಿಟ್ಟು. ಹಾಗಾದರೆ ಕಂಪನಿ ಬದುಕುವುದು ಹೇಗೆ? ಲಾಭದ ದೊಡ್ಡ ಪಾಲು ಬರುವುದು ನಮ್ಮ ಸದಸ್ಯತ್ವದ ಹಣದಿಂದ. ಅವ್ವ ಬಾಗಿಲಲ್ಲೇ ಸರಿಯಾದ ಗಂಟಿನ ಮೇಲೆ ಕೈ ಇಟ್ಟಿದ್ದಳು.

ಸದಸ್ಯತ್ವ ನಮಗೇನು ಹೊಸದಲ್ಲ. ಚಿಕ್ಕೋಡಿ ಕಡೆಯ ಕಬ್ಬಿನ ನಾಡಿನಲ್ಲಿ ಗಂಡು ನೋಡಲು ಬಂದವರು ಮೊದಲು ಎಕರೆ ಕೇಳುತ್ತಾರೆ, ಆಮೇಲೆ ಸಕ್ಕರೆ ಕಾರ್ಖಾನೆಯ ಷೇರು ಕೇಳುತ್ತಾರೆ. ಅಪ್ಪ ಸಹಕಾರಿ ಕಾರ್ಖಾನೆಯ ಸಭಾಸದ. ಆ ಷೇರಿನ ಕಾಗದ ಹೊಲದ ಉತಾರದ ಜೊತೆ ಟ್ರಂಕಿನ ತಳದಲ್ಲಿರುತ್ತದೆ. ದೀಪಾವಳಿ ಬಂದರೆ ಸಭಾಸದರಿಗೆ ರಿಯಾಯಿತಿ ದರದ ಸಕ್ಕರೆ. ಅಪ್ಪ ಚೀಟಿ ಹಿಡಿದು ಹೋಗಿ ಸರದಿಯಲ್ಲಿ ನಿಂತು ಚೀಲ ತರುತ್ತಿದ್ದ. ಸಕ್ಕರೆಗೆ ವಾಸನೆ ಇಲ್ಲ ಎಂದು ಪುಸ್ತಕದಲ್ಲಿ ಓದಿದ್ದೇನೆ, ಆದರೆ ಅವ್ವ ಚೀಲದ ಬಾಯಿ ಬಿಚ್ಚಿದ ಹತ್ತು ನಿಮಿಷಕ್ಕೆ ಇಡೀ ಓಣಿಗೆ ಅದು ಬಡಿಯುತ್ತಿತ್ತು. ಒಬ್ಬರು ತಾಟು ತರುತ್ತಿದ್ದರು, ಒಬ್ಬರು ಡಬ್ಬಿ, ಒಬ್ಬರು ಬರೀ ಸೆರಗು. ಸಂಜೆ ಹೊತ್ತಿಗೆ ಚೀಲ ಅರ್ಧ. ಹಬ್ಬದ ಹೊತ್ತಿಗೆ ಅವ್ವನೇ ಅಂಗಡಿಗೆ ಹೋಗಿ ಪಾವು ಕಿಲೋ ಸಕ್ಕರೆ ತರುತ್ತಿದ್ದಳು.

ಸಭಾಸದನಿಗೆ ಇನ್ನೊಂದು ಹಕ್ಕಿತ್ತು. ವರ್ಷಕ್ಕೊಮ್ಮೆ ಸಾಧಾರಣ ಸಭೆಗೆ ಹೋಗಿ, ಕಬ್ಬಿನ ಬಿಲ್ಲು ಯಾಕೆ ತಡವಾಯಿತೆಂದು ಎದ್ದು ನಿಂತು ಕೂಗಿ, ಊಟ ಮಾಡಿ, ದನಿ ಬಿದ್ದು ಮನೆಗೆ ಬರುವುದು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ 28 ಜನ ಕೂಡಿ ಸಹಕಾರಿ ಅಂಗಡಿ ತೆರೆದಾಗ, ನಮ್ಮ ಗದಗ ಬದಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದಾಗ, ಅಲ್ಲಿಯೂ ಯಾರೋ ಒಬ್ಬರು ಎದ್ದು ನಿಂತು ಕೂಗಿಯೇ ಇರಬೇಕು. ಸದಸ್ಯ ಮಾಲೀಕನಾಗಿದ್ದರೆ ತಾನೇ ಕೂಗು. ನಮ್ಮ ಕಾರ್ಡಿನ ಮೇಲೆ ನನ್ನ ಫೋಟೋ ಇದೆ, ಕೂಗಲು ಸಭೆ ಮಾತ್ರ ಇಲ್ಲ.

ಅಪ್ಪನಿಗೆ ಇದೆಲ್ಲ ಗೊತ್ತಿರಲಿಲ್ಲ. ಫೋನಿನಲ್ಲಿ ಒಮ್ಮೆ ಬಾಯಿ ತಪ್ಪಿ, “ನಾವು ಇಲ್ಲಿ ಎಗ್ಜಿಕ್ಯೂಟಿವ್ ಮೆಂಬರ್ ಆಗೀವಿ” ಅಂದಿದ್ದೆ. ಅಪ್ಪ ಅದನ್ನು ಕಟ್ಟೆಯ ಮೇಲೆ ತರ್ಜುಮೆ ಮಾಡಿ ಹೇಳಿದ. ವಾರದೊಳಗೆ ನಾನು ಅಮೆರಿಕದ ಯಾವುದೋ ದೊಡ್ಡ ಕಾರ್ಖಾನೆಯ ಸಂಚಾಲಕನಾಗಿದ್ದೆ. ದೂರದ ಮಾವನೊಬ್ಬ ಫೋನ್ ಮಾಡಿ ಕೇಳಿದ: “ಯಾವ ಪ್ಯಾನೆಲ್ಲಿಂದ ನಿಂತಿದ್ದ್ಯೋ? ಅವಿರೋಧ ಆತೋ, ಚುನಾವಣಿ ಆತೋ?”

ಈ ಸಂಚಾಲಕಗಿರಿಯ ಲೆಕ್ಕ ಇಷ್ಟು. 2024ರ ಸೆಪ್ಟೆಂಬರಿನಿಂದ ಸಾದಾ ಕಾರ್ಡಿಗೆ 65 ಡಾಲರ್, ಎಗ್ಜಿಕ್ಯೂಟಿವ್ ಕಾರ್ಡಿಗೆ 130. ದೊಡ್ಡ ಕಾರ್ಡಿನವರಿಗೆ ಖರೀದಿಯ ಮೇಲೆ ಶೇ. 2 ವಾಪಸ್. ಖರೀದಿ ಮಾಡಿದಷ್ಟಕ್ಕೆ ತಕ್ಕ ಪಾಲು ಮರಳಿಸುವುದು ರಾಚ್‌ಡೇಲಿನವರ ಪದ್ಧತಿಯೇ, ಮೊಮ್ಮಗ ಪ್ಯಾಂಟು ಹಾಕಿದ್ದಾನೆ ಅಷ್ಟೇ. ಹೆಚ್ಚಿಗೆ ಕೊಟ್ಟ 65 ಹುಟ್ಟಬೇಕಾದರೆ ವರ್ಷಕ್ಕೆ 3,250 ಡಾಲರಿನ ಸಾಮಾನು ಕೊಳ್ಳಬೇಕು. ಇಡೀ 130 ಹುಟ್ಟಬೇಕಾದರೆ 6,500. ಅಂದರೆ ತಿಂಗಳಿಗೆ ಸುಮಾರು 540. ಮನೆಯಲ್ಲಿ ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು. ಮಗಳ ಆಹಾರ ಚಪಾತಿ, ಸಕ್ಕರೆ ಮತ್ತು ಹಟ.

ನನ್ನ ಹೆಂಡತಿ ಅಥಣಿಯವಳು. ಅಥಣಿಯವರು ಲೆಕ್ಕ ಬಿಡುವವರಲ್ಲ. ಅವಳ ನೋಟುಬುಕ್ಕಿನಲ್ಲಿ ಮೂರು ಕಾಲಂ: ತಂದದ್ದು, ತಿಂದದ್ದು, ಚೆಲ್ಲಿದ್ದು. ಪಾಲಕದ ಡಬ್ಬಿಯ ದಾಖಲೆ ಹೀಗಿದೆ. ತಂದದ್ದು: ಒಂದು ಕಿಲೋ ಮಿಕ್ಕಿ. ಸೋಮವಾರ ಪಲ್ಯ. ಮಂಗಳವಾರ ಬ್ಯಾಳಿಯಲ್ಲಿ ಪಾಲಕ. ಬುಧವಾರ ಥಾಲಿಪೀಟಿನಲ್ಲಿ ಪಾಲಕ. ಗುರುವಾರ ಮಗಳ ಸತ್ಯಾಗ್ರಹ. ಶುಕ್ರವಾರ ನಾನು ಒಬ್ಬನೇ ತಿಂದೆ. ಶನಿವಾರ ಡಬ್ಬಿ ತೆರೆದಾಗ ಪಾಲಕ ತಾನೇ ಸಾರಾಗಿತ್ತು. ಹಾಲು ಎರಡು ಗ್ಯಾಲನ್ ಜೋಡಿ, ಅಂದರೆ ಏಳೂವರೆ ಲೀಟರು. ಹೆಪ್ಪು ಹಾಕಿ ಹಾಕಿ ನಮ್ಮ ಫ್ರಿಜ್ಜಿನಲ್ಲಿ ಮೊಸರಿನ ಮೂರು ಪೀಳಿಗೆ ಒಟ್ಟಿಗೆ ಬಾಳುತ್ತಿದ್ದವು. ತಪ್ಪು ಯಾರದೂ ಅಲ್ಲ, ನಮ್ಮದೇ. ಎರಡು ಡಾಲರ್ ಮರಳಿ ಬರಲೆಂದು ನೂರು ಡಾಲರ್ ಒಯ್ದು ಸುರಿಯುವ ಬುದ್ಧಿಗೆ ಯಾವ ವಖಾರಿ ಏನು ಮಾಡೀತು?

ಹಾಗಂತ ಎಲ್ಲವೂ ನಷ್ಟವಲ್ಲ. ಕೊಳೆಯದ ಸಾಮಾನಿನಲ್ಲಿ ಸಣ್ಣ ಸಂಸಾರವೂ ಗೆಲ್ಲುತ್ತದೆ. ಉಪ್ಪಿಲ್ಲದ ಬೆಣ್ಣೆ ನಾಲ್ಕು ಪೌಂಡಿನ ಕಟ್ಟು ತಂದು ರವಿವಾರ ಕಾಸಿದರೆ ತಿಂಗಳ ತುಪ್ಪ, ಮನೆಯೆಲ್ಲ ಘಮ, ತಳದ ಗಸಿಗೆ ಬೆಲ್ಲ ಕಲಸಿಕೊಂಡು ಮಗಳೂ ನಾನೂ ಜಗಳ. ಕಾರಿಗೆ ಪೆಟ್ರೋಲು ಸೋವಿ. ಬಾದಾಮಿ, ಪಿಸ್ತಾ ಊರಿಗೆ ಹೋಗುವ ಸೂಟ್‌ಕೇಸಿನ ಕಾಯಂ ಪ್ರಯಾಣಿಕರು. ಅವುಗಳ ಪಕ್ಕದಲ್ಲಿ ಮೊಣಕಾಲು ನೋವಿನ ಗುಳಿಗೆಯ ದೊಡ್ಡ ಡಬ್ಬಿ. ನಮ್ಮೂರಿನ ಅರ್ಧ ಮೊಣಕಾಲುಗಳು ನನ್ನ ಕಾರ್ಡಿನ ಮೇಲೆ ನಡೆಯುತ್ತಿವೆ.

ಈ ಸಾಮಾನುಗಳ ಮೇಲೆಲ್ಲ ಕರ್ಕ್‌ಲ್ಯಾಂಡ್ ಎಂಬ ಮುದ್ರೆ. ಅದು ವಾಷಿಂಗ್‌ಟನ್ ರಾಜ್ಯದ ಊರು, ಕಂಪನಿಯ ಮುಖ್ಯ ಕಚೇರಿ ಒಂದು ಕಾಲಕ್ಕೆ ಅಲ್ಲಿತ್ತು. ಮಾಡುವವರು ಬೇರೆ ಬೇರೆ ಕಡೆಯವರು, ಹೆಸರು ಮಾತ್ರ ಆ ಊರಿನದು. ಇದನ್ನು ಹೇಳಿದಾಗ ಹೆಂಡತಿ ನಿಟ್ಟುಸಿರುಬಿಟ್ಟಳು. “ನಮ್ಮ ಚಪ್ಪಲಿ ಕತಿನೂ ಹಿಂಗ ಅಲ್ಲೇನ್ರೀ? ಚರ್ಮಾ ಹದಾ ಮಾಡಿ, ಹೆಣಿಗಿ ಹಾಕಿ ಹೊಲಿಯೂದು ಅಥಣ್ಯಾಗ. ಹೆಸರು ಕೊಲ್ಲಾಪುರದ್ದು.” 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗೂ ಪಾಲು ಬಂತು, ಹೆಸರು ಬದಲಾಗಲಿಲ್ಲ. 2025ರಲ್ಲಿ ಪ್ರಾಡಾ ಅಂಥದೇ ಚಪ್ಪಲಿಯನ್ನು ಮಿಲಾನಿನಲ್ಲಿ ಮೆರೆಸಿದ ಸುದ್ದಿ ಬಂದ ದಿನ ಅವಳು ತವರಿನಿಂದ ತಂದ ಜೋಡು ಹಾಕಿಕೊಂಡೇ ಕಾಸ್ಟ್‌ಕೋಗೆ ಬಂದಳು. ಯಾರೂ ನೋಡಲಿಲ್ಲ, ಎಲ್ಲರ ಕಣ್ಣೂ ಟಿ.ವಿ. ಮೇಲಿತ್ತು.

ಅವ್ವ ಬಂದ ಎರಡನೇ ವಾರ ನೋಟುಬುಕ್ಕು ಅವಳ ಕೈಗೆ ಸಿಕ್ಕಿತು. ಕನ್ನಡಕ ಏರಿಸಿ ಓದಿದಳು. ಮೊದಲೆರಡು ಕಾಲಂಗೆ ಏನೂ ಅನ್ನಲಿಲ್ಲ. ಮೂರನೆಯದಕ್ಕೆ ಬಂದು, “ಚೆಲ್ಲಿದ್ದು ಅಂದ್ರ?” ಅಂದಳು.

“ಕಸದ ಡಬ್ಬಿಗೆ, ಅತ್ತಿ.”

“ಸುತ್ತಮುತ್ತ ಮನಿ ಇಲ್ಲೇನು?”

ಹೆಂಡತಿ ತಡಬಡಿಸಿದಳು. ಸದಸ್ಯತ್ವ ಹಿಡಿಸದಿದ್ದರೆ ಕಾರ್ಡು ಮರಳಿಸಬಹುದು, ಹಣ ಪೂರ್ತಿ ವಾಪಸ್ ಕೊಡುತ್ತಾರೆ ಎಂದೂ ಹೇಳಿದಳು. ಅವ್ವ ತಲೆಯಾಡಿಸಿದಳು. “ಕಾರ್ಡಿಂದೇನೂ ತಪ್ಪಿಲ್ಲ. ವಖಾರಿ ಇರೂದು ಊರಿಗೆ. ನೀವು ಮೂರು ಮಂದಿ ಹೋಗಿ ಊರಿನ ಪಾಲು ತಂದ್ರ ಕೊಳೀದ ಏನಾದೀತು?”

ಹೀಗೆ ನಮ್ಮ ಗ್ಯಾರೇಜಿನಲ್ಲಿ ಪಾಲು ಹಂಚುವ ಪದ್ಧತಿ ಶುರುವಾಯಿತು. ಸಮೀಪದಲ್ಲಿ ನಮ್ಮ ಕಡೆಯ ಮೂರು ಮನೆಗಳಿದ್ದವು: ನಿಪ್ಪಾಣಿಯದೊಂದು, ರಾಯಬಾಗದ್ದೊಂದು, ಕಾಗವಾಡದ ಉಗಾರದ್ದೊಂದು. ಶನಿವಾರ ಮಧ್ಯಾಹ್ನ ಮೂರೂ ಮನೆಯವರು ಪಿಶವಿ ಹಿಡಿದು ಬರುತ್ತಿದ್ದರು. ತಕ್ಕಡಿ ಇರಲಿಲ್ಲ. ಸೂಟ್‌ಕೇಸು ತೂಗುವ ಕೊಂಡಿಯ ಕಾಟಾ ಎಲ್ಲ ಹೊರನಾಡಿಗರ ಮನೆಯಲ್ಲಿರುವಂತೆ ನಮ್ಮಲ್ಲೂ ಇತ್ತು. ಇಪ್ಪತ್ತಮೂರು ಕಿಲೋ ದಾಟದಂತೆ ಕಾಯುತ್ತಿದ್ದ ಆ ಕಾಟಾ ಈಗ ಉಳ್ಳಾಗಡ್ಡಿ, ಬಳ್ಳೊಳ್ಳಿ ತೂಗಿತು. ಅವ್ವ ತೂಗಿದ ಮೇಲೆ ಪ್ರತಿ ಪಿಶವಿಗೂ ಒಂದು ಹಿಡಿ ಕೊಸರು ಹಾಕುತ್ತಿದ್ದಳು. ನಾಲ್ಕು ಮನೆಗೂ ಕೊಸರು ಹಾಕಿದರೆ ಲೆಕ್ಕ ಕೂಡುವುದಿಲ್ಲ ಎಂದು ಹೆಂಡತಿ ಅಂದದ್ದಕ್ಕೆ, “ಕೊಸರು ಲೆಕ್ಕದಾಗ ಬರೂದಿಲ್ಲವಾ” ಎಂದಳು.

ಉಗಾರದವನಿಗೆ ಇದೆಲ್ಲ ವಿಚಿತ್ರ. “ನಮ್ಮೂರ ಫ್ಯಾಕ್ಟರಿ 1939ರದು, ಕಂಪನೀದು. ಸಭಾಸದ ಅಂದ್ರ ಏನಂತ ಇಲ್ಲಿ ಬಂದ ಮ್ಯಾಲ ಗೊತ್ತಾತು ನೋಡ್ರಿ.”

ಮೂರನೇ ಶನಿವಾರ ರಾಯಬಾಗದವರು ಬೇಳೆ ಕಟ್ಟಿಸಿಕೊಳ್ಳುತ್ತ ಅಂದರು: “ನಿಮ್ಮ ಚಿಕ್ಕೋಡಿ, ಹೆಂಡತಿ ತವರು ಅಥಣಿ ಹಿಡದ್ರ ಐದೂ ತಾಲ್ಲೂಕು ಇಲ್ಲೇ ಅದಾವಲ್ರಿ. ಚಿಕ್ಕೋಡಿ ಜಿಲ್ಲಾ ಆಗೇಬಿಟ್ಟತಿ!”

ಆಡಬಾರದ ಮಾತು. ಚಿಕ್ಕೋಡಿ ಲೋಕಸಭಾ ಕ್ಷೇತ್ರ, ಶೈಕ್ಷಣಿಕ ಜಿಲ್ಲೆ, ಆದರೆ ಜಿಲ್ಲೆಯಲ್ಲ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಘೋಷಿಸಿ ಮತ್ತೆ ಹಿಂದಕ್ಕೆ ತೆಗೆದುಕೊಂಡಿತು. ಅಂದಿನಿಂದ ಆ ಮಾತು ನಮ್ಮಲ್ಲಿ ಬೆಂಕಿಪೆಟ್ಟಿಗೆ ಇದ್ದಂತೆ.

“ಚಿಕ್ಕೋಡಿ ಜಿಲ್ಲಾ ಯಾಕ? ಅಥಣಿ ಜಿಲ್ಲಾ!” ಹೆಂಡತಿ ಕಾಟಾ ಕೆಳಗಿಟ್ಟಳು.

“ಗ್ಯಾರೇಜು ಯಾರದು?” ಅಂದೆ ನಾನು.

“ನೋಟುಬುಕ್ಕು ಯಾರದು?”

ನಿಪ್ಪಾಣಿಯವರು, ಮೊನ್ನೆ ಮೊನ್ನೆ ಚಿಕ್ಕೋಡಿಯಿಂದ ಬಿಡಿಸಿಕೊಂಡು ಬೇರೆ ತಾಲ್ಲೂಕಾಗಿದ್ದೇವೆ, ಮತ್ತೆ ಅದರ ಕೈಕೆಳಗೆ ಬರಲಾರೆವು ಎಂದರು. ಅಥಣಿಯಿಂದ ಬಿಡಿಸಿಕೊಂಡ ಕಾಗವಾಡದವನು ಅದನ್ನೇ ಹೆಂಡತಿಗೆ ಹೇಳಲು ಬಾಯಿ ತೆರೆದ, ಅವಳ ಮುಖ ನೋಡಿ ಬಾಯಿಗೆ ಬಾದಾಮಿ ಹಾಕಿಕೊಂಡ. ಅವ್ವ ಎದ್ದು ಎಲ್ಲರ ಪಿಶವಿಯಿಂದಲೂ ಒಂದೊಂದು ಹಿಡಿ ಉಳ್ಳಾಗಡ್ಡಿ ಹಿಂದಕ್ಕೆ ತೆಗೆದು, ಭಜಿ ಕರಿಯಲು ಒಳಗೆ ಹೋದಳು. ಜಿಲ್ಲಾ ಕೇಂದ್ರದ ಪ್ರಶ್ನೆ ಅಂದಿಗೆ ಅಲ್ಲಿಗೇ ನಿಂತಿತು.

ವರ್ಷದ ಕೊನೆಗೆ ಹೆಂಡತಿ ಲೆಕ್ಕ ಮುಗಿಸಿದಳು. ಸಣ್ಣ ಸಂಸಾರಕ್ಕೆ ಸದಸ್ಯತ್ವ ಗಿಟ್ಟುತ್ತದೆಯೇ? ತುಪ್ಪ, ಬಾದಾಮಿ, ಪೆಟ್ರೋಲಿಗೆ ಸಾದಾ ಕಾರ್ಡು ಹೇಗೋ ಹುಟ್ಟುತ್ತದೆ. ದೊಡ್ಡ ಕಾರ್ಡು ಮೂರು ಜನರಿಗೆ ಹುಟ್ಟುವುದಿಲ್ಲ. ನಾಲ್ಕು ಮನೆಯ ಸಂತೆ ಒಂದೇ ಕಾರ್ಡಿನ ಮೇಲೆ ನಡೆದ ನಮ್ಮದು ಮಾತ್ರ 6,500 ದಾಟಿತ್ತು. ಮೂರನೆಯ ಕಾಲಂ ಖಾಲಿ. ಶೇ. 2ರ ಹಣದಲ್ಲಿ ಕಾರ್ಡಿನದು ಕಳೆದು ಉಳಿದ ಚಿಲ್ಲರೆಗೆ ಬಾಳೆಹಣ್ಣು ತಂದು ಸೀಕರಣೆ ಮಾಡಿದೆವು. ಅಷ್ಟರಲ್ಲಿ ಊರಿಗೆ ಮರಳಿದ್ದ ಅವ್ವ, ಸಭಾಸದರ ಊಟ ಎಂದು ಫೋನಿನಲ್ಲೇ ಹರಸಿದಳು. ಅವಳ ಕೈಲಿ ಕಳಿಸಿದ್ದ ಬಾದಾಮಿ ಏನಾಯಿತೆಂದು ಕೇಳಿದೆ. ಓಣಿಗೆ ಹಂಚಿದಳಂತೆ, ಅಪ್ಪನಿಗೆ ನಾಲ್ಕು ಸಿಕ್ಕವಂತೆ.

ಮರುದಿನ ಕಾಸ್ಟ್‌ಕೋದಿಂದ ಹೊರಬರುವಾಗ ಬಾಗಿಲಲ್ಲಿ ರಸೀದಿ ನೋಡುವ ಅಜ್ಜಿ ನಮ್ಮ ಗಾಡಿ ನೋಡಿದಳು. ನಾಲ್ಕು ಚೀಲ ಉಳ್ಳಾಗಡ್ಡಿ, ಎಂಟು ಗ್ಯಾಲನ್ ಹಾಲು, ಜೊತೆಗೆ ಬಡಕಲು ಮೂರು ಜನ. ಬಣ್ಣದ ಪೆನ್ನಿನಿಂದ ರಸೀದಿಯ ಮೇಲೆ ಗೆರೆ ಎಳೆಯುತ್ತ ಮಗಳನ್ನು ಕೇಳಿದಳು, ಮನೆಯಲ್ಲಿ ಪಾರ್ಟಿಯೇನು ಪುಟ್ಟಾ ಎಂದು.

“ಪಾರ್ಟಿ ಅಲ್ಲ,” ಅಂದಳು ಮಗಳು ತನ್ನ ಅಮೆರಿಕದ ಇಂಗ್ಲಿಷಿನಲ್ಲಿ, “ಡಿಸ್ಟ್ರಿಕ್ಟ್.”